ಸೀಟ್ ಬೆಲ್ಟ್ ಹಾಕಿದರೆ ಸಾಲದು, ಅದು ಮೂಳೆಯ ಮೇಲೆ ಕೂರಬೇಕು

ಕಾರು ಅಪಘಾತದ ಗಾಯಾಳು ತುರ್ತು ಚಿಕಿತ್ಸಾ ವಿಭಾಗಕ್ಕೆ ಬಂದಾಗ ಉಸಿರಾಟ, ನಾಡಿ, ರಕ್ತದೊತ್ತಡ ನೋಡಿದ ಮೇಲೆ ನಾನು ಬಟ್ಟೆ ಸರಿಸಿ ಹುಡುಕುವುದು ಒಂದು ಗೆರೆಯನ್ನು. ಭುಜದಿಂದ ಎದೆಯ ಮೇಲೆ ಓರೆಯಾಗಿ ಇಳಿದು ಸೊಂಟಕ್ಕೆ ಅಡ್ಡ ಹಾಯುವ, ಸುಮಾರು ಐದು ಸೆಂಟಿಮೀಟರ್ ಅಗಲದ ಕೆಂಪು ಅಥವಾ ನೀಲಿಗಟ್ಟಿದ ಪಟ್ಟೆ. ಸೀಟ್ ಬೆಲ್ಟ್ ಒತ್ತಿದ ಗುರುತು ಅದು. ಕೆಳಗಿನ ಪಟ್ಟೆ ಸೊಂಟದ ಮೂಳೆಯ ಎರಡೂ ಉಬ್ಬುಗಳ ಮೇಲೆ ಮೂಡಿದ್ದರೆ ನನ್ನ ಅರ್ಧ ಆತಂಕ ಇಳಿಯುತ್ತದೆ. ಅದೇ ಪಟ್ಟೆ ಹೊಕ್ಕುಳಿನ ಮಟ್ಟದಲ್ಲಿ, ಮೆತ್ತನೆಯ ಹೊಟ್ಟೆಗೆ ಅಡ್ಡಲಾಗಿದ್ದರೆ, ರೋಗಿ ಎದ್ದು ಕುಳಿತು ‘ನನಗೇನೂ ಆಗಿಲ್ಲ, ಮನೆಗೆ ಕಳುಹಿಸಿ’ ಎಂದರೂ ನಾನು ಕಳುಹಿಸುವುದಿಲ್ಲ.

ಬೆಲ್ಟ್ ಹಾಕಿದ್ದರೇ ಎಂದು ಎಲ್ಲರೂ ಕೇಳುತ್ತಾರೆ. ಹೇಗೆ ಹಾಕಿದ್ದರು ಎಂದು ಕೇಳುವವರು ಕಡಿಮೆ. ವೈದ್ಯನಾಗಿ ನನಗೆ ಎರಡನೆಯ ಪ್ರಶ್ನೆಯೂ ಅಷ್ಟೇ ಮುಖ್ಯ.

ಗಂಟೆಗೆ 50 ಕಿ.ಮೀ. ಅಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ಹತ್ತು ಮೀಟರ್ ಎತ್ತರದಿಂದ ಕೆಳಕ್ಕೆ ಬಿದ್ದವರು ನೆಲ ಮುಟ್ಟುವಾಗ ಇರುವ ವೇಗ ಇದೇ. ಈ ವೇಗದಲ್ಲಿ ಕಾರು ಗೋಡೆಗೆ ಗುದ್ದಿದಾಗ ಅದರ ಮುಂಭಾಗ ನಜ್ಜುಗುಜ್ಜಾಗುತ್ತಾ ಅರ್ಧ ಮೀಟರಿಗಿಂತ ತುಸು ಹೆಚ್ಚು ಕುಗ್ಗುತ್ತದೆ. ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತಿನಲ್ಲಿ ಕಾರು ನಿಂತುಬಿಡುತ್ತದೆ. ಒಳಗಿರುವವರು ಕಾರಿನ ಜೊತೆಜೊತೆಗೇ ನಿಂತರೆ ಆ ಅರ್ಧ ಮೀಟರಿನ ಲಾಭ ಅವರಿಗೂ ಸಿಗುತ್ತದೆ. ದೇಹದ ಮೇಲೆ ಬೀಳುವ ಬಲ ಅದರ ತೂಕದ ಹದಿನೈದಿಪ್ಪತ್ತು ಪಟ್ಟಿನ ಆಸುಪಾಸಿನಲ್ಲಿ ಉಳಿಯುತ್ತದೆ. ಆರೋಗ್ಯವಂತ ದೇಹ ಆ ಒಂದು ಕ್ಷಣದ ಮಟ್ಟಿಗೆ ಅದನ್ನು ತಾಳಬಲ್ಲದು. ಬೆಲ್ಟ್ ಇಲ್ಲದವರಾದರೋ, ಕಾರು ನಿಂತರೂ ಅದೇ ವೇಗದಲ್ಲಿ ಮುಂದಕ್ಕೆ ಹೋಗುತ್ತಿರುತ್ತಾರೆ. ಅವರನ್ನು ತಡೆಯಲು ಉಳಿದಿರುವುದು ಸ್ಟೀರಿಂಗ್, ಡ್ಯಾಶ್‌ಬೋರ್ಡ್ ಮತ್ತು ಗಾಜು. ಐದು ಸೆಂಟಿಮೀಟರಿನೊಳಗೆ ನಿಲ್ಲಬೇಕಾಗಿ ಬಂದರೆ ಆ ಬಲ ತೂಕದ ಇನ್ನೂರು ಪಟ್ಟಿನ ಹತ್ತಿರ ಹೋಗುತ್ತದೆ. ಕೈ ಊರಿ ತಡೆದುಕೊಳ್ಳುತ್ತೇನೆ ಎನ್ನುವವರಿಗೆ ಈ ಲೆಕ್ಕವನ್ನೇ ತೋರಿಸುತ್ತೇನೆ. ಯಾವ ತೋಳಿಗೂ ಅಷ್ಟು ಕಸುವಿಲ್ಲ.

ಬೆಲ್ಟ್ ಇಲ್ಲದೆ ಗುದ್ದಿಸಿಕೊಂಡು ಬಂದವರ ಗಾಯಗಳಿಗೂ ಒಂದು ಕ್ರಮವಿದೆ. ಮೊಣಕಾಲು ಡ್ಯಾಶ್‌ಬೋರ್ಡಿಗೆ ಬಡಿದು ಚಿಪ್ಪು ಒಡೆಯುತ್ತದೆ. ಆ ಹೊಡೆತ ತೊಡೆಯ ಮೂಳೆಯುದ್ದಕ್ಕೂ ಸಾಗಿ ಸೊಂಟದ ಕೀಲನ್ನು ಹಿಂದಕ್ಕೆ ಜಾರಿಸುತ್ತದೆ. ಎದೆ ಸ್ಟೀರಿಂಗಿಗೆ, ಹಣೆ ಗಾಜಿಗೆ. ಎಲ್ಲಕ್ಕಿಂತ ಕೆಟ್ಟದ್ದು ಕಾರಿನಿಂದ ಹೊರಕ್ಕೆ ಎಸೆಯಲ್ಪಡುವುದು. ಎಸೆದು ಬಿದ್ದು ಬದುಕಿದವರ ಕತೆ ಎಲ್ಲೆಡೆ ಹರಡುತ್ತದೆ. ಹಾಗೆ ಬಿದ್ದವರಲ್ಲಿ ಸಾಯುವವರೇ ಬಹಳ ಹೆಚ್ಚು.

ಇಂದು ನಾವು ಬಳಸುವ ಮೂರು ಬಿಂದುಗಳ ಬೆಲ್ಟನ್ನು ರೂಪಿಸಿದವರು ವೋಲ್ವೋ ಕಂಪನಿಯ ಎಂಜಿನಿಯರ್ ನೀಲ್ಸ್ ಬೋಲಿನ್. 1959ರಲ್ಲಿ ಅದು ಕಾರುಗಳಿಗೆ ಬಂತು. ಕಂಪನಿ ಅದರ ಪೇಟೆಂಟನ್ನು ಇತರ ತಯಾರಕರೂ ಬಳಸಲು ಬಿಟ್ಟುಕೊಟ್ಟಿತು. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 1970ರಲ್ಲೇ ಬೆಲ್ಟ್ ಧರಿಸುವುದನ್ನು ಕಡ್ಡಾಯ ಮಾಡಿತು. ಮುಂದಿನ ಸೀಟಿನಲ್ಲಿ ಕುಳಿತವರು ಸಾಯುವ ಅಪಾಯವನ್ನು ಬೆಲ್ಟ್ ಶೇ 45ರಿಂದ 50ರಷ್ಟು ತಗ್ಗಿಸುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ವೃತ್ತಿಯಲ್ಲಿ ಇಷ್ಟು ಅಗ್ಗವಾಗಿ, ಇಷ್ಟು ಸುಲಭವಾಗಿ, ಇಷ್ಟು ಪ್ರಾಣ ಉಳಿಸುವ ಸಾಧನ ತೀರಾ ವಿರಳ.

ಬೋಲಿನ್ ಅವರ ವಿನ್ಯಾಸದ ಜಾಣ್ಮೆ ಇರುವುದು ಪಟ್ಟಿ ಹಾಯುವ ದಾರಿಯಲ್ಲಿ. ಮೇಲಿನ ಪಟ್ಟಿ ಭುಜದ ಎಲುಬಿನ ನಡುವಿನಿಂದ ಎದೆಯ ಮೂಳೆಯ ಮೇಲೆ, ಕೆಳಗಿನ ಪಟ್ಟಿ ಸೊಂಟದ ಮೂಳೆಯ ಮೇಲೆ. ದೇಹದಲ್ಲಿ ಇಂಥ ಹೊಡೆತ ತಾಳಬಲ್ಲ ಗಟ್ಟಿ ಜಾಗಗಳು ಇವೇ. ಕೆಳಗಿನ ಪಟ್ಟಿ ಹೊಟ್ಟೆಗೆ ಏರಿದರೆ ಲೆಕ್ಕವೇ ತಲೆಕೆಳಗಾಗುತ್ತದೆ. ಬೆಲ್ಟು ಮತ್ತು ಬೆನ್ನುಮೂಳೆಯ ನಡುವೆ ಕರುಳು ಸಿಕ್ಕಿ ಹರಿಯಬಹುದು, ಕರುಳಿಗೆ ರಕ್ತ ಒಯ್ಯುವ ಪೊರೆ ಸೀಳಬಹುದು. ದೇಹ ಪಟ್ಟಿಯ ಮೇಲೆ ಮಡಚಿಕೊಂಡು ಬೆನ್ನುಮೂಳೆಯ ಒಂದು ಕಶೇರು ಹಿಂದಿನಿಂದ ಅಡ್ಡಕ್ಕೆ ಸೀಳುವುದೂ ಉಂಟು. 1948ರಲ್ಲಿ ಇದನ್ನು ವಿವರಿಸಿದ ವೈದ್ಯರ ಹೆಸರಿನಿಂದ ಇದಕ್ಕೆ ಚಾನ್ಸ್ ಮುರಿತ ಎನ್ನುತ್ತೇವೆ. ಕರುಳಿನ ಗಾಯದ ಕಷ್ಟವೆಂದರೆ ಅದು ಮೊದಲ ಸಿ.ಟಿ. ಸ್ಕ್ಯಾನಿನಲ್ಲಿ ಕಾಣದೆಯೂ ಇರಬಹುದು. ಹೊಟ್ಟೆನೋವು, ಜ್ವರ, ಬಿಗಿತ ಶುರುವಾಗಲು ಗಂಟೆಗಳೇ ಹಿಡಿಯುತ್ತವೆ. ಹೊಕ್ಕುಳಿನ ಮೇಲೆ ಪಟ್ಟೆ ಇರುವವರನ್ನು ನಾವು ಮತ್ತೆ ಮತ್ತೆ ಮುಟ್ಟಿ ನೋಡುವುದು ಅದಕ್ಕೇ.

ಪಟ್ಟಿ ಮೇಲೇರುವುದು ಏಕೆ? ಬಹುಪಾಲು ನಾವು ಕುಳಿತುಕೊಳ್ಳುವ ರೀತಿಯಿಂದ. ಸೀಟನ್ನು ಹಿಂದಕ್ಕೆ ಒರಗಿಸಿ ಮಲಗಿದಂತೆ ಕುಳಿತರೆ ಡಿಕ್ಕಿಯಾದಾಗ ಸೊಂಟ ಪಟ್ಟಿಯ ಕೆಳಗಿನಿಂದ ಮುಂದಕ್ಕೆ ಜಾರುತ್ತದೆ. ಪಟ್ಟಿ ಸಡಿಲವಾಗಿದ್ದರೂ, ದಪ್ಪ ಜಾಕೆಟ್ಟಿನ ಮೇಲೆ ಬಿಗಿದರೂ ಅಪಾಯ ಅದೇ. ಕುತ್ತಿಗೆ ಉಜ್ಜುತ್ತದೆಂದು ಮೇಲಿನ ಪಟ್ಟಿಯನ್ನು ಕಂಕುಳಿನ ಕೆಳಗೆ ಹಾಯಿಸುವವರಿದ್ದಾರೆ. ಆಗ ಹೊಡೆತ ಬೀಳುವುದು ಕೆಳಗಿನ ಪಕ್ಕೆಲುಬುಗಳಿಗೆ, ಅವುಗಳ ಹಿಂದಿರುವ ಯಕೃತ್ತಿಗೆ ಅಥವಾ ಗುಲ್ಮಕ್ಕೆ. ಹಲವು ಕಾರುಗಳಲ್ಲಿ ಬಾಗಿಲ ಪಕ್ಕದ ಕಂಬದಲ್ಲಿ ಪಟ್ಟಿಯ ಎತ್ತರ ಬದಲಿಸುವ ಗುಂಡಿ ಇರುತ್ತದೆ. ದಯವಿಟ್ಟು ಅದನ್ನು ಬಳಸಿ.

‘ಬೆಲ್ಟಿನಿಂದಲೇ ಪಕ್ಕೆಲುಬು ಮುರಿಯಿತು’ ಎಂದು ದೂರುವವರನ್ನು, ವಿಶೇಷವಾಗಿ ವಯಸ್ಸಾದವರನ್ನು, ನಾನು ನೋಡುತ್ತಿರುತ್ತೇನೆ. ನಿಜ, ಮುರಿಯುತ್ತದೆ. ಅಷ್ಟು ಬಲ ಬಿದ್ದ ಎದೆಗೆ ಬೆಲ್ಟ್ ಇಲ್ಲದಿದ್ದರೆ ಏನಾಗುತ್ತಿತ್ತು ಎಂಬುದನ್ನು ಅವರಿಗೆ ಬಿಡಿಸಿ ಹೇಳುವುದೂ ಚಿಕಿತ್ಸೆಯ ಭಾಗವೆಂದೇ ನಾನು ತಿಳಿದಿದ್ದೇನೆ.

ಹಿಂದಿನ ಸೀಟು ಸುರಕ್ಷಿತ ಎಂಬ ನಂಬಿಕೆ ಇನ್ನೂ ಗಟ್ಟಿಯಾಗಿದೆ. ಅರವತ್ತು ಕಿಲೋ ತೂಕದ ಮನುಷ್ಯ ಬೆಲ್ಟ್ ಇಲ್ಲದೆ ಹಿಂದೆ ಕುಳಿತಿದ್ದರೆ, ಮೇಲೆ ಹೇಳಿದ ಡಿಕ್ಕಿಯಲ್ಲಿ ಮುಂದಿನ ಸೀಟಿನ ಬೆನ್ನಿಗೆ ಟನ್ನಿನಷ್ಟು ಬಲದಿಂದ ಬಡಿಯುತ್ತಾನೆ. ಮುಂದೆ ಬೆಲ್ಟ್ ಹಾಕಿ ಶಿಸ್ತಾಗಿ ಕುಳಿತವರು ಆ ಬಲಕ್ಕೂ ಏರ್‌ಬ್ಯಾಗಿಗೂ ನಡುವೆ ಸಿಕ್ಕಿಕೊಳ್ಳುತ್ತಾರೆ. ಮಡಿಲಲ್ಲಿ ಮಗು ಕೂರಿಸಿಕೊಳ್ಳುವುದೂ ಹೀಗೆಯೇ: ಎಂಟು ಕಿಲೋ ಮಗುವನ್ನು ಹಿಡಿದಿರಲು ನೂರು ಕಿಲೋಗೂ ಮೀರಿದ ಹಿಡಿತ ಬೇಕು. ಮಕ್ಕಳಿಗೆ ಅವರ ಗಾತ್ರದ ಆಸನವೇ ಬೇಕು. ಎತ್ತರ 145 ಸೆಂಟಿಮೀಟರ್ ದಾಟುವವರೆಗೂ ದೊಡ್ಡವರ ಬೆಲ್ಟ್ ಅವರ ಹೊಟ್ಟೆ ಮತ್ತು ಕುತ್ತಿಗೆಯ ಮೇಲೆಯೇ ಕೂರುವುದು ಹೆಚ್ಚು. ಗರ್ಭಿಣಿಯರು ಬೆಲ್ಟ್ ಬಿಡಬಾರದು. ಕೆಳಗಿನ ಪಟ್ಟಿ ಉಬ್ಬಿದ ಹೊಟ್ಟೆಯ ಕೆಳಗೆ, ತೊಡೆಸಂದಿಗೆ ತಾಗಿಕೊಂಡಿರಲಿ. ಮೇಲಿನದು ಸ್ತನಗಳ ನಡುವೆ ಹಾಯಲಿ.

ಏರ್‌ಬ್ಯಾಗ್ ಇದೆಯಲ್ಲ ಎನ್ನುವವರಿಗೆ ಒಂದು ಮಾತು. ಅದು ಕಣ್ಣೆವೆ ಮುಚ್ಚುವುದಕ್ಕಿಂತ ಬೇಗ ಸ್ಫೋಟಿಸಿ ಹಿಗ್ಗುತ್ತದೆ. ಬೆಲ್ಟ್ ಇಲ್ಲದವರು ಬ್ರೇಕ್ ಹಾಕಿದ ಹೊತ್ತಿನಲ್ಲೇ ಮುಂದಕ್ಕೆ ಬಾಗಿರುತ್ತಾರೆ, ಆ ಸ್ಫೋಟ ಮುಖಕ್ಕೂ ಕುತ್ತಿಗೆಗೂ ಹತ್ತಿರದಿಂದ ತಾಗುತ್ತದೆ. ಬೆಲ್ಟ್ ಹಾಕದಿದ್ದಾಗ ಕೂಗುವ ಅಲಾರಾಂ ಬಾಯಿ ಮುಚ್ಚಿಸಲು ಕೊಂಡಿಗೆ ಸಿಕ್ಕಿಸುವ ಸುಳ್ಳು ಕ್ಲಿಪ್ಪನ್ನು ನಾನು ಕಂಡಾಗಲೆಲ್ಲ ಕಿತ್ತು ಹಾಕಿಸುತ್ತೇನೆ.

ಬೆಲ್ಟಿಗೂ ಮಿತಿಯುಂಟು. ಪಕ್ಕದಿಂದ ಬಾಗಿಲಿಗೇ ಗುದ್ದಿದಾಗ ಅದೇ ಬದಿಯಲ್ಲಿ ಕುಳಿತವರಿಗೆ ಅದರ ನೆರವು ಕಡಿಮೆ. ವೇಗ ಇಮ್ಮಡಿಯಾದರೆ ಡಿಕ್ಕಿಯ ಶಕ್ತಿ ನಾಲ್ಕು ಪಟ್ಟಾಗುತ್ತದೆ, ಪಟ್ಟಿಯಾಗಲಿ ಮೂಳೆಯಾಗಲಿ ನಾಲ್ಕು ಪಟ್ಟು ಬಲಗೊಳ್ಳುವುದಿಲ್ಲ.

ದೊಡ್ಡ ಡಿಕ್ಕಿಯ ನಂತರ ಕಾರು ರಿಪೇರಿಗೆ ಹೋದಾಗ ಬೆಲ್ಟನ್ನೂ ಪರೀಕ್ಷೆ ಮಾಡಿಸಿ ಬದಲಿಸಬೇಕು. ಡಿಕ್ಕಿಯ ಕ್ಷಣದಲ್ಲಿ ಪಟ್ಟಿಯನ್ನು ಜಗ್ಗಿ ಬಿಗಿಗೊಳಿಸುವ ಸಣ್ಣ ಸಿಡಿಮದ್ದಿನ ಸಾಧನ ಒಮ್ಮೆ ಮಾತ್ರ ಕೆಲಸ ಮಾಡುತ್ತದೆ, ಹಿಗ್ಗಿದ ನೂಲು ಮೊದಲಿನ ಗುಣಕ್ಕೆ ಮರಳುವುದಿಲ್ಲ. ಪಟ್ಟಿ ಹೊರಗಿನಿಂದ ಹೊಸದರಂತೆಯೇ ಕಾಣುತ್ತಿರುತ್ತದೆ, ಹಾಗಾಗಿ ಗ್ಯಾರೇಜಿನವರಿಗೆ ನೀವೇ ಹೇಳಿ ಮಾಡಿಸಬೇಕು.