‘ಗುಳುಂ’ ಅಂತ ಬರೆದರೆ ದೂರು ಎಲ್ಲಿ ಕೊಡೋದು?

ಎರಡು ವರ್ಷದ ಹಿಂದಿನ ಮಾತು. ಆಳಂದ ಕಡೆಯ ಅಂಗನವಾಡಿ ಕಾರ್ಯಕರ್ತೆಯೊಬ್ಬರು ಕಲಬುರಗಿಯ ನನ್ನ ಆಫೀಸಿಗೆ ಬಂದರು. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರೊಳಗೆ ನಾಲ್ಕು ಮಡಿಕೆಯ ಪತ್ರಿಕೆ. ‘ಅಂಗನವಾಡಿ ಹಾಲಿನ ಪುಡಿ ಗುಳುಂ!’ ಎಂಬ ಶೀರ್ಷಿಕೆ. ಕೆಳಗೆ ಇವರ ಫೋಟೊ. ಹಾಲಿನ ಪುಡಿ ಕಾಣೆಯಾದದ್ದು ಬೇರೆ ಊರಿನ ಕೇಂದ್ರದಲ್ಲಿ. ಯಾವುದೋ ಕಾರ್ಯಕ್ರಮದ ಹಳೆ ಫೋಟೊದಿಂದ ಇವರ ಮುಖ ಕತ್ತರಿಸಿ ಹಾಕಿದ್ದರು.

“ಎಲ್ಲಾ ಕಡಿ ಅಡ್ಡಾಡಿ ಬಂದೀನ್ರಿ ವಕೀಲ್ ಸಾಹೇಬ್ರ” ಅಂದರು. ಪೊಲೀಸ್ ಠಾಣೆ, ಡಿಸಿ ಆಫೀಸು, ಕೊನೆಗೆ ಪತ್ರಕರ್ತರ ಸಂಘವೊಂದು. ಸಂಘದವರು ಚಹಾ ಕೊಟ್ಟು, “ಅಕ್ಕಾ, ನಾವು ಮಾತಾಡ್ತೀವಿ ತಗೋರಿ” ಅಂದಿದ್ದರು. ಇಷ್ಟರಲ್ಲಿ 50 ದಿನ ಕಳೆದಿತ್ತು.

ಸಂಘದವರ ತಪ್ಪೇನಿಲ್ಲ. ಕಾರ್ಯನಿರತ ಪತ್ರಕರ್ತರ ಸಂಘ ಇರೋದು ಪತ್ರಕರ್ತರ ಸಂಬಳ, ರಜೆ, ನೌಕರಿ ವಿಚಾರಕ್ಕೆ. ಸುದ್ದಿ ಸರಿಯೋ ತಪ್ಪೋ ಅಂತ ತೀರ್ಪು ಕೊಡೋದು ಅವರ ಕೆಲಸ ಅಲ್ಲ. ಪತ್ರಿಕೆ ಮಾಲೀಕರಿಗೆ ಬೇರೆಯೇ ಕೂಟ ಇದೆ. 1939ರಲ್ಲಿ ಹುಟ್ಟಿದ ಇಂಡಿಯನ್ ನ್ಯೂಸ್‌ಪೇಪರ್ ಸೊಸೈಟಿ. ಅವರ ಚಿಂತೆ ಜಾಹೀರಾತು, ನ್ಯೂಸ್‌ಪ್ರಿಂಟ್ ಮೇಲಿನ ಸುಂಕ, ಇಂಥವು. ಓದುಗರ ದೂರಿಗೆ ಇರುವ ಬಾಗಿಲು ಪ್ರೆಸ್ ಕೌನ್ಸಿಲ್, ಅಂದರೆ ಭಾರತೀಯ ಪತ್ರಿಕಾ ಮಂಡಳಿ. 1966ರಲ್ಲಿ ಶುರುವಾಯಿತು, ತುರ್ತು ಪರಿಸ್ಥಿತಿಯಲ್ಲಿ ಮುಚ್ಚಿತು, 1978ರ ಕಾಯ್ದೆಯಿಂದ ಮತ್ತೆ ಬಂತು. ಇರೋದು ದೆಹಲಿಯಲ್ಲಿ. ದೂರು ಅಂಚೆಯಲ್ಲೂ ಕಳಿಸಬಹುದು.

ಆದರೆ ಗಡುವು ಇದೆ. ದಿನಪತ್ರಿಕೆ, ವಾರಪತ್ರಿಕೆ ಆದರೆ ಸುದ್ದಿ ಬಂದ ಎರಡು ತಿಂಗಳೊಳಗೆ. ಉಳಿದವಕ್ಕೆ ನಾಲ್ಕು ತಿಂಗಳು. ತಡವಾದರೆ ಅಧ್ಯಕ್ಷರು ಮನ್ನಿಸಬಹುದು, ಅದಕ್ಕೆ ತಕ್ಕ ಕಾರಣ ಬೇಕು. ದೂರಿಗೆ ಮೊದಲು ಸಂಪಾದಕರಿಗೇ ಪತ್ರ ಬರೆದಿರಬೇಕು. ಹಾಗಾಗಿ ಅವತ್ತೇ ರಿಜಿಸ್ಟರ್ ಪೋಸ್ಟ್ ಮಾಡಿಸಿದೆ. ರಸೀದಿ ಜೋಪಾನ ಅಂದೆ.

ನನಗೆ ಕಷ್ಟವಾದದ್ದು ಬೇರೆ. ಕನ್ನಡ ಸುದ್ದಿಯ ಇಂಗ್ಲಿಷ್ ಅನುವಾದ ಜೊತೆಗಿರಬೇಕು. ‘ಗುಳುಂ’ ಅನ್ನೋದಕ್ಕೆ ಏನು ಬರೆಯಲಿ? ಕದ್ದರು ಅಂದರೆ ಬರೀ ಆರೋಪ. ನುಂಗಿದರು ಅಂದರೂ ಸಾಲದು. ಆ ಪದದಲ್ಲಿ ನಗು ಇದೆ. ಊರ ಕಟ್ಟೆ ಮೇಲೆ ನಾಲ್ಕು ಜನ ಕೂತು ಆಡಿಕೊಂಡು ನಗುವ ನಗು. ಆ ಅಕ್ಕನಿಗೆ ನೋವಾಗಿದ್ದು ಅದರಿಂದಲೇ. ಮಕ್ಕಳು ಶಾಲೆಯಲ್ಲಿ ಅವರ ಮಗನನ್ನು ‘ಗುಳುಂ’ ಅಂತಲೇ ಕರೆಯುತ್ತಿದ್ದರಂತೆ. ಕೊನೆಗೆ ಪದವನ್ನು ಹಾಗೇ ಇಟ್ಟು, ಅದನ್ನು ಇಲ್ಲಿ ಜನ ಹೇಗೆ ಬಳಸುತ್ತಾರೆ ಅಂತ ಆರು ಸಾಲು ವಿವರಣೆ ಬರೆದೆ. 58ನೇ ದಿನ ದೂರು ಹೋಯಿತು.

“ದಂಡ ಎಷ್ಟ್ ಹಾಕ್ತಾರ್ರೀ?” ಅಂತ ಕೇಳಿದರು. ಒಂದು ರೂಪಾಯಿನೂ ಇಲ್ಲ. ಮಂಡಳಿ ಎಚ್ಚರಿಸಬಹುದು, ಛೀಮಾರಿ ಹಾಕಬಹುದು, ಖಂಡಿಸಬಹುದು. ಅಷ್ಟೇ. ಅದರ 28 ಸದಸ್ಯರಲ್ಲಿ ಸಂಪಾದಕರು, ವರದಿಗಾರರು, ಮಾಲೀಕರೇ ಜಾಸ್ತಿ. ಅಕ್ಕನ ಗಂಡ ಇದನ್ನು ಕೇಳಿ, “ಹಂಗಾರ ಅವ್ರವ್ರೇ ಆದ್ರಲ್ರೀ” ಅಂದರು. ನನ್ನ ಬಳಿ ಉತ್ತರ ಇರಲಿಲ್ಲ. ಹಣ ಬೇಕಾದರೆ ಮಾನನಷ್ಟದ ದಾವೆ ಹೂಡಬೇಕು, ಅದಕ್ಕೆ ವರ್ಷಗಟ್ಟಲೆ ಕೋರ್ಟಿಗೆ ಅಲೆಯಬೇಕು. ಇನ್ನೊಂದು ಮಾತು: ಕೋರ್ಟಿನಲ್ಲಿ ಇದೇ ವಿಚಾರ ಇಲ್ಲ ಅಂತ ಮಂಡಳಿಗೆ ಬರೆದುಕೊಡಬೇಕು. ಎರಡು ದೋಣಿಯಲ್ಲಿ ಕಾಲಿಡೋಕೆ ಬರೋದಿಲ್ಲ.

ಆದರೂ ದೆಹಲಿಯ ನೋಟಿಸಿಗೆ ಒಂದು ತೂಕ ಇದೆ. ನೋಟಿಸ್ ಬಂದ ಮೇಲೆ ಪತ್ರಿಕೆಯವರು ಅದೇ ಪುಟದ ಅದೇ ಜಾಗದಲ್ಲಿ ವಿಷಾದ ಹಾಕಿದರು. ಅಕ್ಕ ಹತ್ತು ಪ್ರತಿ ಕೊಂಡು, ಒಂದನ್ನು ಅಂಗನವಾಡಿ ಗೋಡೆಗೆ ಅಂಟಿಸಿದ್ದಾರೆ.

ಟಿವಿ ಆದರೆ ಮಂಡಳಿಗೆ ಅಧಿಕಾರವೇ ಇಲ್ಲ. ಸುದ್ದಿ ಚಾನೆಲ್‌ಗಳ ಒಂದು ಸಂಘ ತಾನೇ ಒಂದು ಪ್ರಾಧಿಕಾರ ಮಾಡಿಕೊಂಡಿದೆ. ಪ್ರಸಾರವಾದ ಏಳು ದಿನದೊಳಗೆ ಚಾನೆಲ್‌ಗೆ ದೂರು ಬರೆಯಬೇಕು. ಅಲ್ಲಿ ಒಂದು ಲಕ್ಷ ರೂಪಾಯಿವರೆಗೆ ದಂಡ ಇದೆ, ಆದರೆ ಸದಸ್ಯ ಚಾನೆಲ್‌ಗಳಿಗೆ ಮಾತ್ರ. ಊರಿನ ಕೇಬಲ್ ಚಾನೆಲ್ ಆದರೆ ಜಿಲ್ಲಾಧಿಕಾರಿ ನೇತೃತ್ವದ ಸಮಿತಿಗೆ ಕೊಡಿ.

ಕಥೆ ಇಲ್ಲಿಗೆ ಮುಗಿಯಲಿಲ್ಲ. ಮೊನ್ನೆ ಡಿಸೆಂಬರ್‌ನಲ್ಲಿ ಒಬ್ಬ ವರದಿಗಾರ ಬಂದರು. ಆ ಸುದ್ದಿ ಕಳಿಸಿದವರು ಅವರೇ! ಪತ್ರಿಕೆಯವರು ಅವರನ್ನು ಕೆಲಸದಿಂದ ಕೈಬಿಟ್ಟಿದ್ದರು. ನಾವು ದೂರು ಕೊಟ್ಟಿದ್ದು ಸಂಪಾದಕರ ಮೇಲೆ. ಆದರೂ ಇವರ ಕೇಸ್ ಹಿಡಿಯಲೇ ಅಂತ ಅಕ್ಕನಿಗೆ ಫೋನ್ ಮಾಡಿ ಕೇಳಿದೆ. “ಮಾಡ್ರಿ, ನಂದೇನ್ ಅಡ್ಡಿಲ್ಲ” ಅಂದರು.

ಹನ್ನೊಂದು ವರ್ಷ ಕೆಲಸ. ಕೈಯಲ್ಲಿ ಒಂದು ಐಡಿ ಕಾರ್ಡ್, ಅದೂ ಅವಧಿ ಮುಗಿದದ್ದು. ನೇಮಕ ಪತ್ರ ಇಲ್ಲ. ತಿಂಗಳಿಗೆ ಒಂದಿಷ್ಟು ಹಣ, ಉಳಿದದ್ದು ಜಾಹೀರಾತಿನ ಕಮಿಷನ್. ನಮ್ಮ ತಾಲೂಕು ವರದಿಗಾರರ ಬಾಳೇ ಇದು. ಜುಲೈ ಬಂತೆಂದರೆ ಪತ್ರಿಕಾ ದಿನ, ಶಾಲು, ಹಾರ. ಆಗಸ್ಟ್‌ನಲ್ಲಿ ಮತ್ತೆ ಜಾಹೀರಾತಿಗೆ ಅಲೆದಾಟ. 2014ರಲ್ಲಿ ಸುಪ್ರೀಂ ಕೋರ್ಟ್ ಪತ್ರಿಕಾ ನೌಕರರ ಸಂಬಳದ ಬಗ್ಗೆ ಮಜೀಥಿಯಾ ವೇತನ ಮಂಡಳಿ ಮಾಡಿದ ಶಿಫಾರಸನ್ನು ಎತ್ತಿಹಿಡಿದಾಗ ಪಟಾಕಿ ಹೊಡೆದವರನ್ನು ಬಲ್ಲೆ. ಅದರ ಸಂಬಳ ಪಡೆದ ತಾಲೂಕು ವರದಿಗಾರ ನನಗಂತೂ ಸಿಕ್ಕಿಲ್ಲ.

ಕಾನೂನಿನ ಪ್ರಕಾರ ಅರೆಕಾಲಿಕರೂ ಕಾರ್ಯನಿರತ ಪತ್ರಕರ್ತರೇ, ಪತ್ರಿಕೋದ್ಯಮವೇ ಮುಖ್ಯ ಕಸುಬಾಗಿದ್ದು, ಅದರಲ್ಲಿ ನೌಕರರಾಗಿದ್ದರೆ ಸಾಕು. 2025ರ ನವೆಂಬರ್ 21ಕ್ಕೆ ಜಾರಿಯಾದ ಹೊಸ ಕಾರ್ಮಿಕ ಸಂಹಿತೆ ಟಿವಿ, ಡಿಜಿಟಲ್‌ನವರನ್ನೂ ಸೇರಿಸಿದೆ, ನೇಮಕ ಪತ್ರವನ್ನೂ ಕಡ್ಡಾಯ ಮಾಡಿದೆ. ಈ ವಿಷಯ ಪ್ರೆಸ್ ಕೌನ್ಸಿಲ್‌ಗೆ ಸೇರಿದ್ದಲ್ಲ. ಕಾರ್ಮಿಕ ಇಲಾಖೆಗೆ ಹೋಗಬೇಕು, ಸಂಘವನ್ನೂ ಜೊತೆಗೆ ಕರೆದುಕೊಂಡು ಹೋಗಬೇಕು. ಆದರೆ ಇವರು ನೌಕರರು ಅಂತ ಮೊದಲು ತೋರಿಸಬೇಕಲ್ವಾ? ಡೆಸ್ಕಿನಿಂದ, ಅಂದರೆ ಸುದ್ದಿ ತಿದ್ದಿ ಶೀರ್ಷಿಕೆ ಕೊಡುವವರಿಂದ, ಬಂದ ವಾಟ್ಸಾಪ್ ಮೆಸೇಜು, ಬ್ಯಾಂಕ್ ಪಾಸ್‌ಬುಕ್ಕು, ಹೆಸರು ಬಂದ ಸುದ್ದಿ ತುಣುಕು, ಎಲ್ಲ ತನ್ನಿ ಅಂದೆ.

ಮರುದಿನ ಗೊಬ್ಬರದ ಚೀಲದಲ್ಲಿ ಪತ್ರಿಕೆಗಳನ್ನು ತುಂಬಿಕೊಂಡು ಬಂದರು. ಬಹುಪಾಲು ಸುದ್ದಿಯಲ್ಲಿ ‘ನಮ್ಮ ವರದಿಗಾರರಿಂದ’ ಅಂತ ಮಾತ್ರ ಇತ್ತು. ಮುಖಪುಟದಲ್ಲಿ, ಹೆಸರು ಸಮೇತ, ದೊಡ್ಡದಾಗಿ ಬಂದಿದ್ದು ಒಂದೇ. ಹಾಲಿನ ಪುಡಿಯ ಸುದ್ದಿ. ಅದನ್ನೇ ಮೊದಲನೇ ದಾಖಲೆ ಅಂತ ಗುರುತು ಹಾಕಿದೆ. ಅವರು ಅದನ್ನೇ ನೋಡುತ್ತ ಕೂತಿದ್ದರು.

“ಫೋಟೊ ನಾನೇ ಕಳ್ಸಿದ್ದು, ತಪ್ಪಾತ್ರಿ” ಅಂದರು. “ಆದ್ರ ಗುಳುಂ ಅಂತ ನಾ ಬರ್ದಿದ್ದಿಲ್ರಿ ಸಾಹೇಬ್ರ. ಅದು ಡೆಸ್ಕಿನವ್ರು ಹಾಕ್ಯಾರ.”