ಒಂದು ಹಾಳೆಯಷ್ಟು ನೆಲ

ಸುಮಾರು 1,300 ಕೆಜಿ ತೂಗುವ ಒಂದು ಸಣ್ಣ ಸ್ಪೋರ್ಟ್ಸ್ ಕಾರನ್ನು ನೆನೆಸಿಕೊಳ್ಳಿ. ನಾಲ್ಕು ಚಕ್ರಕ್ಕೆ ಹಂಚಿದರೆ ಒಂದೊಂದರ ಮೇಲೆ 325 ಕೆಜಿ. ಟೈರಿನಲ್ಲಿ 35 ಪಿಎಸ್‌ಐ ಗಾಳಿ ಇದೆ ಎನ್ನೋಣ, ಅಂದರೆ ಒಂದು ಚದರ ಸೆಂಟಿಮೀಟರಿಗೆ ಸುಮಾರು 2.5 ಕೆಜಿ ಒತ್ತಡ. ಭಾರವನ್ನು ಒತ್ತಡದಿಂದ ಭಾಗಿಸಿದರೆ, ಒಂದು ಟೈರು ನೆಲಕ್ಕೆ ತಾಗುವ ಜಾಗ ಸುಮಾರು 130 ಚದರ ಸೆಂಟಿಮೀಟರ್. ಬೆರಳು ಜೋಡಿಸಿ ಊರಿದ ಒಂದು ಹಸ್ತದಷ್ಟು. ನಾಲ್ಕನ್ನೂ ಕೂಡಿಸಿದರೆ ಒಂದು ಎ4 ಹಾಳೆಯೂ ತುಂಬುವುದಿಲ್ಲ. ವೇಗ ಹಿಡಿಯುವುದು, ತಿರುಗುವುದು, ನಿಲ್ಲುವುದು ಎಲ್ಲವೂ ಅಷ್ಟೇ ಜಾಗದಲ್ಲಿ ನಡೆಯಬೇಕು.

ಹೊಸ ಚಕ್ರ ಕೊಳ್ಳಲು ಹೊರಟಾಗ ನಮ್ಮ ಕಣ್ಣು ಮೊದಲು ಹೋಗುವುದು ಕಡ್ಡಿಗಳ ವಿನ್ಯಾಸಕ್ಕೆ, ಬಣ್ಣಕ್ಕೆ, ಎಷ್ಟು ಇಂಚು ಎನ್ನುವುದಕ್ಕೆ. ಆದರೆ ನೆಲ ಮುಟ್ಟುವುದು ರಬ್ಬರು ಮಾತ್ರ, ಅಲ್ವಾ? ಹಾಗಾಗಿ ದುಡ್ಡು ಕಡಿಮೆ ಇದ್ದವರಿಗೆ ನಾನು ಹೇಳುವುದು ಒಂದೇ: ಮೊದಲು ಒಳ್ಳೆಯ ಟೈರಿಗೆ ಎತ್ತಿಡಿ, ಉಳಿದದ್ದರಲ್ಲಿ ಚಕ್ರ ಹುಡುಕಿ.

ಅಗಲವಾದ ಟೈರು ಹಾಕಿದರೆ ನೆಲಕ್ಕೆ ತಾಗುವ ಜಾಗ ಜಾಸ್ತಿಯಾಗುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಮೇಲಿನ ಲೆಕ್ಕ ಮತ್ತೊಮ್ಮೆ ನೋಡಿ. ಅದರಲ್ಲಿ ಅಗಲದ ಮಾತೇ ಇಲ್ಲ. ಭಾರ ಅಷ್ಟೇ, ಗಾಳಿಯೂ ಅಷ್ಟೇ ಇದ್ದರೆ ಜಾಗವೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಟೈರಿನ ಪಕ್ಕದ ಗೋಡೆಯ ಬಿಗುವಿನಿಂದ ಸ್ವಲ್ಪ ಆಚೀಚೆ ಆಗಬಹುದು. ನಿಜವಾಗಿ ಬದಲಾಗುವುದು ಆ ಜಾಗದ ಆಕಾರ. ಕಿರಿದಾದ ಟೈರಿನಲ್ಲಿ ಅದು ಉದ್ದಕ್ಕೆ ಚಾಚಿಕೊಂಡಿರುತ್ತದೆ. ಅಗಲವಾದ ಟೈರಿನಲ್ಲಿ ಗಿಡ್ಡವಾಗಿ ಅಡ್ಡಕ್ಕೆ ಹರಡುತ್ತದೆ. ತಿರುವಿನಲ್ಲಿ ಈ ಅಡ್ಡ ಆಕಾರ ಒಳ್ಳೆಯದು, ಸ್ಟೀರಿಂಗ್ ತಿರುಗಿಸಿದ ಕೂಡಲೇ ಕಾರು ಮಾತು ಕೇಳುತ್ತದೆ. ಆದರೆ ನೀರು ನಿಂತ ರಸ್ತೆಯಲ್ಲಿ ಅಗಲ ಟೈರು ಹೆಚ್ಚು ನೀರನ್ನು ತಳ್ಳಿ ದಾರಿ ಮಾಡಿಕೊಳ್ಳಬೇಕು. ಅದು ನೀರಿನ ಮೇಲೆ ತೇಲುವ ಅಪಾಯ ಬೇಗ ಬರುತ್ತದೆ. ಹಿಡಿತಕ್ಕೆ ಅಗಲಕ್ಕಿಂತ ದೊಡ್ಡ ಕಾರಣ ರಬ್ಬರಿನ ಗುಣ. ಮೆದುವಾದ ರಬ್ಬರು ರಸ್ತೆಯ ಸಣ್ಣ ಸಣ್ಣ ಉಬ್ಬುತಗ್ಗುಗಳೊಳಗೆ ಇಳಿದು ಕಚ್ಚಿಕೊಳ್ಳುತ್ತದೆ. ಹತ್ತು ಮಿಲಿಮೀಟರ್ ಹೆಚ್ಚು ಅಗಲವಿರುವ ಸಾಧಾರಣ ಟೈರಿಗಿಂತ ಮೊದಲಿನ ಅಳತೆಯದೇ ಒಳ್ಳೆಯ ಟೈರು ನನ್ನ ಆಯ್ಕೆ.

ಈಗ ಅಳತೆ. 2012ರಲ್ಲಿ ಬಂದ ಟೊಯೊಟಾ 86 ಕಾರನ್ನೇ ತೆಗೆದುಕೊಳ್ಳೋಣ. ಅದರ ಟೈರಿನ ಮೇಲೆ 215/45 ಆರ್ 17 ಎಂದು ಬರೆದಿರುತ್ತದೆ. 215 ಎಂದರೆ ಮಿಲಿಮೀಟರಿನಲ್ಲಿ ಅಗಲ. 45 ಎಂದರೆ ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇಕಡಾ 45, ಅಂದರೆ ಸುಮಾರು 97 ಮಿ.ಮೀ. ಆರ್ ಎಂದರೆ ರೇಡಿಯಲ್, ಟೈರಿನ ಒಳಗಿನ ಹುರಿಗಳನ್ನು ಜೋಡಿಸಿದ ಬಗೆ. 17 ಎಂದರೆ ಇಂಚಿನಲ್ಲಿ ರಿಮ್ಮಿನ ವ್ಯಾಸ. ಗೋಡೆ ಮೇಲೊಂದು, ಕೆಳಗೊಂದು ಇರುವುದರಿಂದ ಎರಡು ಸಲ ಕೂಡಿಸಿ. ಒಟ್ಟು ಎತ್ತರ 625 ಮಿ.ಮೀ. ಬರುತ್ತದೆ. ಇದು ನೆನಪಿನಲ್ಲಿಡಬೇಕಾದ ಸಂಖ್ಯೆ.

2021ರಲ್ಲಿ ಅದರ ಮುಂದಿನ ಪೀಳಿಗೆಯ ಜಿಆರ್86 ಬಂದಾಗ 17 ಇಂಚಿನ ಜೊತೆಗೆ 18 ಇಂಚಿನ ಚಕ್ರವನ್ನೂ ಕೊಟ್ಟರು. ಅದರ ಟೈರು 215/40 ಆರ್ 18. ಲೆಕ್ಕ ಹಾಕಿದರೆ ಎತ್ತರ 629 ಮಿ.ಮೀ. ರಿಮ್ಮು ಒಂದು ಇಂಚು ಬೆಳೆದರೂ ಟೈರಿನ ಗೋಡೆ ಕುಗ್ಗಿದ್ದರಿಂದ ಒಟ್ಟು ಎತ್ತರ ಹೆಚ್ಚುಕಡಿಮೆ ಹಾಗೇ ಉಳಿಯಿತು. ಸರಿಯಾದ ದಾರಿ ಇದೇ. ಯಾರಾದರೂ ಅದೇ ಕಾರಿಗೆ ಸುಮ್ನೆ 225/45 ಆರ್ 18 ಹಾಕಿದರೆ ಎತ್ತರ 660ಕ್ಕೆ ಹೋಗುತ್ತದೆ, ಮೊದಲಿನ 625ಕ್ಕಿಂತ ಶೇಕಡಾ 5ಕ್ಕೂ ಜಾಸ್ತಿ. ವೇಗದ ಮೀಟರು ಲೆಕ್ಕ ಹಾಕುವುದು ಚಕ್ರದ ಸುತ್ತುಗಳನ್ನು. ಟೈರು ಬೆಳೆದಿದ್ದು ಅದಕ್ಕೆ ಗೊತ್ತಾಗುವುದಿಲ್ಲ, ಹಾಗಾಗಿ ಮೊದಲಿಗಿಂತ ಕಡಿಮೆ ತೋರಿಸುತ್ತದೆ. ಎಲ್ಲ ಗೇರುಗಳೂ ಅಷ್ಟೇ ಪಾಲು ಉದ್ದವಾದಂತಾಗಿ ಎಳೆತ ಸೊರಗುತ್ತದೆ. ತಿರುವಿನಲ್ಲಿ ಟೈರು ಒಳಗಡೆ ಉಜ್ಜಲೂಬಹುದು.

ಅದೇ 17 ಇಂಚಿನಲ್ಲಿ 225/45 ಹಾಕಿದರೆ ಎತ್ತರ 634 ಮಿ.ಮೀ., ವ್ಯತ್ಯಾಸ ಶೇಕಡಾ ಒಂದೂವರೆಯೊಳಗೆ. ಇಂಥ ಸಣ್ಣ ಹೆಜ್ಜೆ ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ಅಳತೆಯ ಪಕ್ಕದಲ್ಲಿ 87 ಡಬ್ಲ್ಯು ಎಂಬಂಥ ಇನ್ನೊಂದು ಗುರುತು ಇರುತ್ತದೆ. 87 ಎಂದರೆ ಆ ಟೈರು 545 ಕೆಜಿ ಹೊರಬಲ್ಲದು, ಡಬ್ಲ್ಯು ಎಂದರೆ ಗಂಟೆಗೆ 270 ಕಿ.ಮೀ. ವೇಗ ತಡೆಯಬಲ್ಲದು. ಹೊಸ ಟೈರಿನಲ್ಲಿ ಇವೆರಡೂ ಹಳೆಯದಕ್ಕಿಂತ ಕಡಿಮೆ ಇರಬಾರದು.

ದೊಡ್ಡ ಚಕ್ರದಲ್ಲಿ ನನಗೆ ಕಾಣುವ ಮುಖ್ಯ ತೊಂದರೆ ತೂಕ. ಮೂಗಿಗಿಂತ ಮೂಗುತಿ ಭಾರವಾದರೆ ಹೇಗೆ? ಚಕ್ರದಲ್ಲಿ ಒಂದು ಕೆಜಿ ಇಳಿಸಿದರೆ ಕಾರಿನ ಮೈಯಲ್ಲಿ ಎಂಟು ಹತ್ತು ಕೆಜಿ ಇಳಿಸಿದಂತೆ ಎಂದು ಹೇಳುವವರಿದ್ದಾರೆ. ವೇಗ ಹಿಡಿಯುವ ಮಟ್ಟಿಗೆ ಅದು ನಿಜವಲ್ಲ. ಚಕ್ರ ಮುಂದಕ್ಕೂ ಹೋಗಬೇಕು, ಸುತ್ತಲೂ ಬೇಕು. ಟೈರಿನ ಹೊರ ಅಂಚಿನಲ್ಲಿರುವ ರಬ್ಬರಿಗೆ ಈ ಎರಡು ಕೆಲಸಕ್ಕೂ ಸಮನಾದ ಶಕ್ತಿ ಬೇಕು. ಅಲ್ಲಿಯ ಒಂದು ಕೆಜಿ ಎರಡು ಕೆಜಿಗೆ ಸಮ, ಅದಕ್ಕಿಂತ ಹೆಚ್ಚಾಗದು. 17 ಇಂಚಿನ ರಿಮ್ಮಿನ ಅಂಚು ಸ್ವಲ್ಪ ಒಳಗಿದೆ, ಅಲ್ಲಿ ಸುಮಾರು ಒಂದೂವರೆ ಪಟ್ಟು. ಕಡ್ಡಿಗಳಲ್ಲಿ ಇನ್ನೂ ಕಡಿಮೆ. ಆದರೂ ಹಗುರ ಚಕ್ರದ ಲಾಭ ದೊಡ್ಡದೇ, ಅದು ಸಿಗುವುದು ಉಬ್ಬುತಗ್ಗಿನ ರಸ್ತೆಯಲ್ಲಿ. ಸ್ಪ್ರಿಂಗಿನ ಕೆಳಗಿರುವ ಭಾರ ಕಡಿಮೆಯಾದಷ್ಟೂ ಚಕ್ರ ಹಳ್ಳಕ್ಕೆ ಬೇಗ ಇಳಿದು, ದಿಬ್ಬವನ್ನು ಬೇಗ ಹತ್ತಿ, ನೆಲ ಬಿಡದೆ ಓಡುತ್ತದೆ.

ಹಾಗಾಗಿ ನಿಮ್ಮ ಕಾರಿನ ಬ್ರೇಕಿಗೆ ಅಡ್ಡಿಯಾಗದ ಅತಿ ಚಿಕ್ಕ ರಿಮ್ಮು ಯಾವುದೋ ಅಲ್ಲಿಂದ ಹುಡುಕಾಟ ಶುರು ಮಾಡಿ. ಚಿಕ್ಕ ಅಳತೆಯ ಟೈರು ಸಾಮಾನ್ಯವಾಗಿ ಅಗ್ಗ. ಅದರ ಎತ್ತರದ ಗೋಡೆ ಗುಂಡಿಗೆ ಬಿದ್ದಾಗ ರಿಮ್ಮನ್ನೂ ಕಾಪಾಡುತ್ತದೆ.

ಚಕ್ರ ಕಾರಿಗೆ ಕೂರುವುದೂ ಲೆಕ್ಕದ ವಿಷಯವೇ. ಬೋಲ್ಟುಗಳ ಸಂಖ್ಯೆ ಮತ್ತು ಅವು ಕೂರುವ ವೃತ್ತದ ವ್ಯಾಸ ಕಾರಿನದ್ದೇ ಇರಬೇಕು. ಟೊಯೊಟಾ 86ಕ್ಕೆ ಅದು 5×100, ಅಂದರೆ ಐದು ಬೋಲ್ಟು, 100 ಮಿ.ಮೀ. ವೃತ್ತ. ಮಧ್ಯದ ರಂಧ್ರ ಹಬ್ಬಿಗೆ, ಅಂದರೆ ಚಕ್ರವನ್ನು ಹೊರುವ ಕಾರಿನ ನಡುಭಾಗಕ್ಕೆ, ಬಿಗಿಯಾಗಿ ಕೂರಬೇಕು. ಹೊರಗಿನ ಕಂಪನಿಗಳು ಹಲವು ಕಾರುಗಳಿಗೆ ಹೊಂದಲಿ ಎಂದು ರಂಧ್ರವನ್ನು ದೊಡ್ಡದಾಗಿ ಮಾಡಿರುತ್ತವೆ. ಆ ಸಂದಿಗೆ ಸರಿಯಾದ ಬಳೆ ಹಾಕಿಸದಿದ್ದರೆ ಚಕ್ರ ನಡುಮಧ್ಯೆ ಕೂರದೆ, ವೇಗ ಏರಿದಂತೆ ಸ್ಟೀರಿಂಗ್ ನಡುಗಬಹುದು.

ಜನ ಹೆಚ್ಚು ಕೈ ಸುಟ್ಟುಕೊಳ್ಳುವುದು ಆಫ್‌ಸೆಟ್‌ನಲ್ಲಿ. ಚಕ್ರದ ಅಗಲದ ನಡುಗೆರೆಯಿಂದ ಹಬ್ಬಿಗೆ ತಾಗುವ ಮುಖ ಎಷ್ಟು ದೂರವಿದೆ ಎನ್ನುವುದೇ ಆಫ್‌ಸೆಟ್. ಇಲ್ಲಿ ಆ ಮುಖ ನಡುಗೆರೆಗಿಂತ ಹೊರಗಡೆ ಇದೆ. 86ರ ಚಕ್ರ 7 ಇಂಚು ಅಗಲ, ಆಫ್‌ಸೆಟ್ 48 ಮಿ.ಮೀ. ಅದರ ಬದಲು 8 ಇಂಚು, 35 ಆಫ್‌ಸೆಟ್ ಹಾಕಿದರೆ? ಒಳಗಿನ ಅಂಚು ಇದ್ದಲ್ಲೇ ಉಳಿಯುತ್ತದೆ. ಹೊರಗಿನ ಅಂಚು 26 ಮಿ.ಮೀ. ಆಚೆ ಬರುತ್ತದೆ. ಅಂದರೆ ಸಸ್ಪೆನ್ಷನ್ ಕಡೆ ಚಿಂತೆ ಇಲ್ಲ, ಆದರೆ ಚಕ್ರದ ಮೇಲಿನ ಫೆಂಡರಿನ (ಮಡ್‌ಗಾರ್ಡಿನ) ಕಡೆ ಅಷ್ಟು ಜಾಗ ಇದೆಯೇ ಎಂದು ಸ್ಕೇಲು ಹಿಡಿದು ನೋಡಬೇಕು. ಕೊಳ್ಳುವ ಮೊದಲು ಕಾಗದದ ಮೇಲೆ ಐದು ನಿಮಿಷದ ಕೆಲಸ ಇದು.

ಅಗ್ಗದ ಚಕ್ರಗಳೆಲ್ಲ ಕೆಟ್ಟವಲ್ಲ. ಕರಗಿದ ಅಲ್ಯೂಮಿನಿಯಂ ಮಿಶ್ರಲೋಹವನ್ನು ಅಚ್ಚಿಗೆ ಸುರಿದು ಮಾಡಿದವು ಅಗ್ಗ, ಸ್ವಲ್ಪ ಭಾರ. ಬಡಿದು ಒತ್ತಿ ಮಾಡಿದ ಫೋರ್ಜ್ಡ್ ಚಕ್ರ ಹಗುರ, ಗಟ್ಟಿ, ದುಬಾರಿ. ಇವೆರಡರ ನಡುವೆ ಫ್ಲೋ ಫಾರ್ಮ್ಡ್ ಎಂಬುದಿದೆ. ಮೊದಲು ಎರಕ ಹೊಯ್ದು, ಆಮೇಲೆ ಅಂಚನ್ನು ಬಿಸಿಯಲ್ಲಿ ತಿರುಗಿಸುತ್ತಾ ಉರುಳೆಗಳಿಂದ ಒತ್ತಿ ತೆಳ್ಳಗೆ ಎಳೆಯುತ್ತಾರೆ. ಕೊಟ್ಟ ದುಡ್ಡಿಗೆ ಇದರಷ್ಟು ನ್ಯಾಯ ಬೇರೆ ಯಾವುದೂ ಕೊಡುವುದಿಲ್ಲ ಎಂಬುದು ನನ್ನ ಅನಿಸಿಕೆ. ಯಾವುದೇ ಇರಲಿ, ಜಪಾನಿನ ಜೆಡಬ್ಲ್ಯುಎಲ್‌ನಂಥ ಮಾನದಂಡದ ಗುರುತು, ಎಷ್ಟು ಭಾರ ಹೊರಬಲ್ಲದು ಎಂಬ ಸಂಖ್ಯೆ ಹಿಂಭಾಗದಲ್ಲಿದೆಯೇ ನೋಡಿ. ಬಾಗಿಸುವ, ಉರುಳಿಸುವ, ಗುದ್ದುವ ಪರೀಕ್ಷೆಗಳು ಆ ಮಾನದಂಡದಲ್ಲಿವೆ. ಹೆಸರಾಂತ ವಿನ್ಯಾಸವನ್ನು ನಕಲು ಮಾಡಿದ, ಯಾವ ಗುರುತೂ ಇಲ್ಲದ ಚಕ್ರವನ್ನು ಬಿಟ್ಟಿ ಕೊಟ್ಟರೂ ಹಾಕಬೇಡಿ.

ಸೆಕೆಂಡ್ ಹ್ಯಾಂಡ್ ಆದರೆ ಬ್ಯಾಲೆನ್ಸಿಂಗ್ ಯಂತ್ರದ ಮೇಲೆ ಸುತ್ತಿಸಿ, ಒಳ ಅಂಚು ಓಲಾಡುತ್ತದೆಯೇ ಎಂದು ಕಣ್ಣಿಟ್ಟು ನೋಡಿ. ಬೆಸುಗೆ ಹಾಕಿದ ಬಿರುಕು ಕಂಡರೆ ವಾಪಸ್ ಕೊಟ್ಟುಬಿಡಿ. ಟೈರಿನ ಮೇಲೆ ನಾಲ್ಕು ಅಂಕಿಯ ತಾರೀಖು ಇರುತ್ತದೆ: ಮೊದಲೆರಡು ವಾರ, ಕೊನೆಯೆರಡು ವರ್ಷ. 2323 ಎಂದಿದ್ದರೆ 2023ರ 23ನೇ ವಾರ ತಯಾರಾದದ್ದು.

ಹಾಕಿಸಿದ ದಿನ ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಎಲ್ಲಾದರೂ ತಾಗುತ್ತದೆಯೇ ಎಂದು ಕಿವಿಗೊಟ್ಟು ಕೇಳಿ. ಕಾರಿನ ಪುಸ್ತಕದಲ್ಲಿ ಬರೆದಷ್ಟೇ ಟಾರ್ಕಿನಲ್ಲಿ, ಅಂದರೆ ತಿರುಚು ಬಲದಲ್ಲಿ, ನಟ್ಟು ಬಿಗಿಸಿ. ಹೊಸ ಚಕ್ರ ಹಬ್ಬಿನ ಮೇಲೆ ಸರಿಯಾಗಿ ಕೂರಲು ಸ್ವಲ್ಪ ಓಟ ಬೇಕು, ಆದ್ದರಿಂದ ನೂರು ಕಿಲೋಮೀಟರಿನೊಳಗೆ ಮತ್ತೊಮ್ಮೆ ಅದೇ ಟಾರ್ಕಿಗೆ ಪರೀಕ್ಷಿಸಿ.