ಜೋಗದ ತುಂತುರಲ್ಲಿ ಬದುಕಿದ್ದ ಹುಲ್ಲು

ನೀರನ್ನು ಕೆಳಗಿನ ಜಲಾಶಯದಿಂದ ಮೇಲಿನದಕ್ಕೆ ಎತ್ತಿ, ಬೇಕಾದಾಗ ಇಳಿಸಿ ಕರೆಂಟು ತೆಗೆಯುವ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯ ಮಾತು ಬಂದಾಗಲೆಲ್ಲ ಆ ಕಣಿವೆಯ ಕಾಡಿನ ಸಿಂಗಳೀಕದ ಹೆಸರು ಬರುತ್ತದೆ, ಬರಲೇಬೇಕು. ಅದರ ಜೊತೆ ಇನ್ನೊಂದು ಹೆಸರೂ ಕೇಳಿಬರಬೇಕಿತ್ತು: ಹುಬ್ಬಾರ್ಡಿಯಾ ಹೆಪ್ಟಾನ್ಯೂರಾನ್. ಇದೊಂದು ಹುಲ್ಲು. ಜೋಗದ ಬಂಡೆಯಲ್ಲಿ ಸಿಕ್ಕಿದ್ದು, ಜೋಗದಲ್ಲೇ ಕಳೆದುಹೋಗಿದ್ದು.

ಸಿಕ್ಕಿದ್ದು 1919ರಲ್ಲಿ. ಆಗ ನದಿಯ ಒಂದು ದಡ ಮೈಸೂರು ಸಂಸ್ಥಾನ, ಇನ್ನೊಂದು ದಡ ಮುಂಬಯಿ ಪ್ರಾಂತ್ಯದ ಉತ್ತರ ಕನ್ನಡ. ಬ್ರಿಟಿಷರ ನಾಗರಿಕ ಸೇವೆಯ (ಐಸಿಎಸ್) ಅಧಿಕಾರಿ ಸೆಡ್ಜ್‌ವಿಕ್ ಮತ್ತು ಅರಣ್ಯಾಧಿಕಾರಿ ಬೆಲ್, ಗೇರುಸೊಪ್ಪ ಜಲಪಾತವೆಂದೂ ಕರೆಯುವ ಜೋಗದ ಬಳಿ ಅದನ್ನು ಕಿತ್ತು ಒಣಗಿಸಿಟ್ಟರು. ಬೆಲ್ ಚಿಟ್ಟೆಗಳ ಅಧ್ಯಯನಕ್ಕೂ ಹೆಸರಾದವರು, ನಿವೃತ್ತಿಯ ನಂತರವೂ ಕಾರವಾರದಲ್ಲೇ ಉಳಿದವರು. ಹುಲ್ಲಿಗೆ ಹೆಸರು ಬರಲು ಮಾತ್ರ ಮೂರು ದಶಕ ಹಿಡಿಯಿತು. ಭಾರತದ ಕಾಡುಗಳಲ್ಲಿ ಕೆಲಸ ಮಾಡಿ ಇಂಗ್ಲೆಂಡಿನ ಕ್ಯೂ ಸಸ್ಯೋದ್ಯಾನ ಸೇರಿದ್ದ ಎನ್.ಎಲ್. ಬೋರ್ 1951ರಲ್ಲಿ ಅದನ್ನು ವಿವರಿಸಿದರು. ಗೊತ್ತಿದ್ದ ಯಾವ ಹುಲ್ಲಿನ ಕುಲಕ್ಕೂ ಅದು ಸೇರುತ್ತಿರಲಿಲ್ಲ. ಹಾಗಾಗಿ ಹೊಸ ಕುಲವನ್ನೇ ಮಾಡಿ, ಕ್ಯೂದ ಹುಲ್ಲುತಜ್ಞ ಸಿ.ಇ. ಹುಬ್ಬಾರ್ಡ್ ಅವರ ಹೆಸರಿಟ್ಟರು. ಹೆಪ್ಟಾ ಎಂದರೆ ಏಳು, ನ್ಯೂರಾನ್ ಎಂದರೆ ನರ. ತೆನೆಯಲ್ಲಿ ಹೂವನ್ನು ಮುಚ್ಚಿಕೊಂಡಿರುವ ಹೊಟ್ಟಿನಂಥ ಪುಟ್ಟ ಹೊದಿಕೆಯನ್ನು ಮಸೂರದಡಿ ಹಿಡಿದರೆ ಬುಡದಿಂದ ತುದಿಗೆ ಏಳು ಗೆರೆ ಕಾಣುತ್ತವೆ.

ಕಣ್ಣಿಗೆ ಬೀಳುವ ಗಿಡವಲ್ಲ. ಎಳೆಯಂಥ ಕಾಂಡ, ಸಣ್ಣ ಎಲೆ, ಒಂದೇ ವರ್ಷದ ಆಯಸ್ಸು. ಮೇವಿಗಿಲ್ಲ, ಮಾಡಿಗೆ ಹೊದಿಸಲೂ ಬಾರದು. ಮಣ್ಣು ಹೆಸರಿಗಷ್ಟೇ ಇರುವ ಕಡಿದಾದ ಬಂಡೆಗೆ ಅಂಟಿಕೊಂಡು, ಧುಮುಕುವ ನೀರು ಎಬ್ಬಿಸಿದ ತುಂತುರಲ್ಲಿ ಸದಾ ತೊಯ್ದುಕೊಂಡು ಬದುಕುತ್ತಿತ್ತು.

ಕಥೆಯ ನೋವಿರುವುದು ಇಸವಿಗಳಲ್ಲಿ. 1948ರ ಹೊತ್ತಿಗೆ ಜೋಗದಲ್ಲಿ ವಿದ್ಯುದಾಗಾರ ಕೆಲಸ ಶುರುಮಾಡಿತ್ತು. ಅಂದರೆ ಹುಲ್ಲಿಗೆ ಹೆಸರು ಬರುವ ಮೊದಲೇ ಅದರ ನೀರಿಗೆ ಪಾಲುದಾರರು ಬಂದಿದ್ದರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಅಲ್ಲಿಂದ ಮುಂದೆ 253 ಮೀಟರ್ ಎತ್ತರದ ಜೋಗ ಮೈದುಂಬುವುದು ಮಳೆ ಜೋರಾದಾಗ, ಇಲ್ಲವೇ ಗೇಟು ತೆರೆದಾಗ. ಆ ಕರೆಂಟು ನಾಡಿನ ಮನೆಮನೆಗೆ ಬೆಳಕು ಕೊಟ್ಟಿತು; ಅದನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಆದರೆ ಊರು ಮುಳುಗಿದ ಲೆಕ್ಕ, ಕಾಡು ಮುಳುಗಿದ ಲೆಕ್ಕವನ್ನಾದರೂ ಯಾರೋ ಬರೆದಿಟ್ಟರು. ತುಂತುರು ಆರಿದ ಲೆಕ್ಕವನ್ನು ಯಾರೂ ಇಡಲಿಲ್ಲ. ಆಮೇಲೆ ಜೋಗಕ್ಕೆ ಬಂದು ಹುಡುಕಿದ ಸಸ್ಯಶಾಸ್ತ್ರಜ್ಞರಿಗೆ ಹುಲ್ಲು ಸಿಗಲಿಲ್ಲ. ಅಳಿದುಹೋದ ಸಸ್ಯಗಳ ಪಟ್ಟಿಗೆ ಅದರ ಹೆಸರು ಸೇರಿತು.

2002ರಲ್ಲಿ ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರಜ್ಞರು ಮಹಾರಾಷ್ಟ್ರದ ತಿಲ್ಲಾರಿ ಘಟ್ಟದಲ್ಲಿ, ನೀರು ಜಿನುಗುವ ಒಂದು ಬಂಡೆಗೋಡೆಯ ಮೇಲೆ ಅದೇ ಹುಲ್ಲನ್ನು ಕಂಡರು. ಅಳಿಯಿತೆಂದುಕೊಂಡದ್ದು ಅದೇ ಸಹ್ಯಾದ್ರಿಯ ಇನ್ನೊಂದು ಮಡಿಲಲ್ಲಿ ಉಸಿರು ಹಿಡಿದುಕೊಂಡಿತ್ತು! ಅವರು ಅಲ್ಲಿಗೇ ನಿಲ್ಲಿಸದೆ ಅದನ್ನು ಬೆಳೆಸಿ ಹೆಚ್ಚಿಸುವ ಕೆಲಸಕ್ಕೂ ಇಳಿದರು. ಅಳಿದದ್ದೆಂಬ ಹಣೆಪಟ್ಟಿ ಹೋಯಿತು. ತೀವ್ರ ಅಪಾಯದಲ್ಲಿದೆ ಎಂಬ ಪಟ್ಟಿ ಉಳಿದಿದೆ.

ಜೋಗಕ್ಕೆ ಎಷ್ಟು ನೀರು ಬಿಡಬೇಕು ಎಂದು ನಾವು ಮಾತಾಡುವುದು ಪ್ರವಾಸಿಗರ ಕಣ್ಣಿನಿಂದ ಮಾತ್ರ. ಕಮರಿಯ ಬುಡದ ಬಂಡೆ ವರ್ಷದಲ್ಲಿ ಎಷ್ಟು ದಿನ ಒದ್ದೆಯಿರುತ್ತದೆ ಎಂದು ಸಂಬಂಧಪಟ್ಟವರು ಮೊದಲು ಅಳೆಯಲಿ. ಆ ದಿನಗಳು ಸಾಕೆನಿಸಿದರೆ ತಿಲ್ಲಾರಿಯಿಂದ ಒಂದು ಹಿಡಿ ಬೀಜ ತಂದು, ಮುಂಗಾರು ಹಿಡಿದ ಮೇಲೆ, ಜೋಗದ ರಾಜಾ ಧಾರೆ ಧುಮುಕುವ ಜಾಗದ ಪಕ್ಕದ ಯಾವುದಾದರೂ ಬಿರುಕಿನಲ್ಲಿ ಹಾಕಿ ನೋಡಲಿ.